ಜೀಪಿನ ಹಣೆಯ ಮೇಲಿನ ಹೆಸರು

ನನ್ನ ಅಮ್ಮನ ಹೆಸರು ತುಂಗಾ. ಶೃಂಗೇರಿಯಲ್ಲಿ ಹುಟ್ಟಿ ಬೆಳೆದವರು. ಹೊಳೆಯ ಹೆಸರನ್ನೇ ಹೆಣ್ಣುಮಕ್ಕಳಿಗೆ ಇಡುವುದು ಆ ದಂಡೆಯ ರೂಢಿ. ಅಮ್ಮನ ಕಾಲದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು "ತುಂಗಾ" ಎಂದು ಕೂಗಿದರೆ ಮೂರು ನಾಲ್ಕು ಜನ ತಿರುಗಿ ನೋಡುತ್ತಿದ್ದರಂತೆ.

ನನಗೆ ಮಗಳು ಹುಟ್ಟಿದಾಗ ಅದೇ ಹೆಸರು ಇಡಬೇಕೆಂದು ಹಟ ಹಿಡಿದೆ. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ಹೇಳದ ಕಾಲ ಅದು. ಹೆಂಡತಿ ಒಪ್ಪಲಿಲ್ಲ.

"ಎಂತ ಮಾರಾಯ್ರೆ, ಕೂಸು ರಚ್ಚೆ ಹಿಡಿದ್ರೆ ಅತ್ತೆ ಹೆಸರು ಹಿಡಿದು ಬೈಯ್ಲಾ ನಾನು?"

ಒಳಗಿನಿಂದ ಅಮ್ಮ, "ಹೇಗೂ ಮನಸ್ಸಲ್ಲಿ ಬೈತೀಯಲ್ಲ, ಬಾಯಲ್ಲೇ ಬೈ" ಎಂದರು. ಇಬ್ಬರೂ ನಕ್ಕರು. ನನ್ನ ಮಾತು ಮಾತ್ರ ನಡೆಯಲಿಲ್ಲ. ತುಂಗಾ ಎಂದರೆ ಅಜ್ಜಿಯಂದಿರ ಹೆಸರು ಎಂದು ಊರಿಗೆ ಊರೇ ಹೇಳುತ್ತಿತ್ತು. ಮಗಳಿಗೆ ಆಗಿನ ಸಿನಿಮಾದ ಹೆಸರೊಂದು ಬಂತು.

ಏಳನೇ ತರಗತಿಗೆ ಶಾಲೆ ಬಿಟ್ಟು, ಕ್ಲೀನರ್ ಆಗಿ, ಡ್ರೈವರ್ ಆಗಿ, ಕೊನೆಗೆ ಸ್ವಂತ ಜೀಪು ತೆಗೆದವನು ನಾನು. ಅದರ ಹಣೆಗೆ ಯಾವ ಹೆಸರು ಬರೆಸಲಿ ಎಂದು ಯಾರನ್ನೂ ಕೇಳಲಿಲ್ಲ. ಕೊಪ್ಪದಲ್ಲಿ ಹಳದಿ ಬಣ್ಣದಲ್ಲಿ 'ತುಂಗಾ' ಎಂದು ಬರೆಸಿದೆ. ನೆಮ್ಮಾರಿನ ತಿರುವಿನಲ್ಲಿ ಜನ "ತುಂಗಾ ಬಂತು" ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ಹೆಂಡತಿಗೆ ಅದು "ನಿಮ್ಮ ಗಾಡಿ". ಅಮ್ಮ ತೀರಿಕೊಂಡ ಮೇಲೂ ಅವಳ ಬಾಯಿಂದ ಆ ಹೆಸರು ಬರಲಿಲ್ಲ. ಜೀಪು ಗುಜರಿಗೆ ಹೋದ ಮೇಲಂತೂ ಅದನ್ನು ಹೇಳುವವರೇ ಇಲ್ಲವಾದರು. ಅದೊಂದು ಕೊರಗು ನನ್ನಲ್ಲೇ ಉಳಿಯಿತು.

ಹೋದ ವರ್ಷ ಮಗಳಿಗೆ ಹೆಣ್ಣುಮಗುವಾಯಿತು. ಏನು ಹೆಸರು ಎಂದು ನಾನು ಕೇಳಲಿಲ್ಲ. ಕೇಳಿ, ಇಲ್ಲ ಅನ್ನಿಸಿಕೊಳ್ಳುವವನಲ್ಲ ನಾನು. ನಾಮಕರಣದ ದಿನ ಅಳಿಯ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಬರೆದ: ತುಂಗಾ.

ಮಗಳು ನಕ್ಕಳು. "ಈಗ ಹೊಳೆ ಹೆಸರಿಗೇ ಡಿಮ್ಯಾಂಡು ಅಪ್ಪ. ನರಸಿಂಹರಾಜಪುರದಲ್ಲಿ ನಮ್ಮ ಬೀದಿಲೇ ಇವಳು ಎರಡನೇ ತುಂಗಾ."

ಬೀಗರು ಕೆಣಕಿದರು: "ಭದ್ರೆ ನೀರು ಕುಡಿಯೋರ ಮನೇಲಿ ತುಂಗಾನಾ?"

"ಮುಂದೆ ಎರಡೂ ಸೇರೇ ಹೋಗ್ತಾವಲ್ಲ ಬೀಗ್ರೆ" ಎಂದೆ.

ಹೆಂಡತಿ ಮಾತ್ರ ಮೊಮ್ಮಗಳನ್ನು "ಪುಟ್ಟಿ" ಎಂದೇ ಕರೆದಳು. ಒಂದು ಬೆಳಿಗ್ಗೆ ನಾನು ಹಂಡೆಯ ಒಲೆಗೆ ಸೌದೆ ತಂದೆ. ಬಚ್ಚಲಲ್ಲಿ ಮಗು ಕಿರುಚುತ್ತಿತ್ತು.

"ಸುಮ್ನಿರೇ ತುಂಗಾ! ನೀರು ಬಿದ್ರೆ ಕರಗಿ ಹೋಗ್ತೀಯೇನೆ?"

ಹಿಂದೆಯೇ ಒಳಗಿನಿಂದ ಹೆಂಡತಿಯ ನಗು.

"ಕೇಳಿಸ್ತಾ? ಅತ್ತೆ ಹೇಳಿದ ಹಾಗೇ, ಬಾಯಲ್ಲೇ ಬೈದೆ!"

"ಕೇಳಿಸ್ಲಿಲ್ಲ" ಎಂದೆ. "ಇನ್ನೊಂದ್ಸಲ ಬೈ."