ಅಜ್ಜಿ ಕುಂಕುಮ ಹಚ್ಚಿದ ಮೆಮರಿ ಕಾರ್ಡ್

ಡ್ರೋನ್ ಬೀಳುವಾಗ ದೊಡ್ಡ ಸದ್ದಾಗುತ್ತದೆ ಎಂದುಕೊಂಡಿದ್ದೆ. ಹಾಗೇನಿಲ್ಲ. ತಲೆಯ ಮೇಲಿನ ಗುಂಯ್ ಎನ್ನುವ ಸದ್ದು ಒಮ್ಮೆಲೇ ನಿಲ್ಲುತ್ತದೆ, ಅಷ್ಟೇ. ಆಮೇಲೆ ಒಂದು ಕಿಲೋ ತೂಕದ ಯಂತ್ರ, ನಾಲ್ಕು ರೆಕ್ಕೆ ಸಮೇತ, ನೆಲದ ಕಡೆ ಬರುತ್ತದೆ.

ಹುಮನಾಬಾದಿನ ಆ ಮದುವೆಯಲ್ಲಿ ಅದು ವರನ ಅಜ್ಜಿಯ ಕುರ್ಚಿಯ ಪಕ್ಕ, ಒಂದು ಗೇಣಿನ ಅಂತರದಲ್ಲಿ ಬಿತ್ತು. ಅಜ್ಜಿ ಮಂಟಪದ ಗೇಟಿನ ನೆರಳಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಮೊಮ್ಮಗನ ಮೆರವಣಿಗೆಗೆ ಕಾಯುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ನಿಂತಿದ್ದೆ ಎಂದೇ ಎಲ್ಲರಿಗೂ ಹೇಳಿದ್ದೆ.

ಬಸವಕಲ್ಯಾಣದಲ್ಲಿ ಅಕ್ಕನ ಗಂಡನದು ಫೋಟೋ ಸ್ಟುಡಿಯೋ. ಅವರನ್ನು ನಾನು ಮಾಮಾ ಅನ್ನುತ್ತೇನೆ. ಡ್ರೋನ್ ಹಾರಿಸುವುದು ಅವರು, ಮೆಮರಿ ಕಾರ್ಡ್ ಕಾಯುವುದು ನಾನು. ಬಿ.ಎಸ್ಸಿ. ಮುಗಿಸಿ ಉಗುರಿನಷ್ಟಿರುವ ನಾಲ್ಕು ಪ್ಲಾಸ್ಟಿಕ್ ಚೂರು ಕಾಯುವುದಕ್ಕೆ ಮನೆಯಲ್ಲಿ ಯಾರೂ ಪೇಢೆ ಹಂಚಲಿಲ್ಲ. ಮಾಮಾನ ನಿಯಮಗಳು ಎರಡು. ಕಾರ್ಡನ್ನು ಯಾವ ಯಂತ್ರಕ್ಕೆ ಹಾಕುತ್ತೀಯೋ ಅದರಲ್ಲೇ ಫಾರ್ಮ್ಯಾಟ್ ಮಾಡಿ, ಅಂದರೆ ಹಳೆಯದನ್ನೆಲ್ಲ ಒರೆಸಿ, ಆಮೇಲೆ ಶೂಟಿಂಗ್ ಶುರು ಮಾಡು. ತುಂಬಿದ ಕಾರ್ಡಿನ ಡಬ್ಬಿಗೆ ಕುಂಕುಮದ ಬೊಟ್ಟು ಇಡು. ಮದುವೆ ಮನೆಯಲ್ಲಿ ಪೆನ್ ಕೇಳಿದರೆ ಯಾರ ಹತ್ತಿರವೂ ಇರುವುದಿಲ್ಲ, ಕುಂಕುಮಕ್ಕೆ ಮಾತ್ರ ಬರಗಾಲವಿಲ್ಲ.

ಡ್ರೋನ್ ಬಿದ್ದದ್ದೇ ತಡ, ಬ್ಯಾಂಡಿನವರು ನಿಂತರು. ವರನ ಕಾಕಾ ಓಡಿ ಬಂದ.

"ಏನ್ರಿ ಫೋಟೋದವರ, ಮದಿವಿ ಮಾಡಾಕ ಬಂದೀರೋ ಮುದುಕಿ ಕೊಲ್ಲಾಕ ಬಂದೀರೋ?"

"ತಾನಾಗೇ ಬಿದ್ದಿಲ್ರಿ ಅದು, ರೆಕ್ಕಿಗೆ ಏನೋ ಸಿಕ್ಕದ," ಎಂದರು ಮಾಮಾ.

"ಏನ್ ಸಿಕ್ಕದ? ಗಾಳಿ ಸಿಕ್ಕದೇನು? ವಿಡಿಯೋದಾಗ ತೋರಸ್ರಿ. ನಿಮ್ಮ ತಪ್ಪಿಲ್ಲಂದ್ರ ಮಿಷನ್ ತಗೊಂಡ್ ಹೋಗ್ರಿ. ಇಲ್ಲಾಂದ್ರ ಅದೂ ನೀವೂ ಇಬ್ಬರೂ ಠಾಣೆಕ್ಕ."

ಅಕ್ಷತೆ ಮುಗಿಯುವವರೆಗೆ ಜಗಳ ಬೇಡ ಎಂದು ಹಿರಿಯರು ಕಾಕಾನನ್ನು ಒಳಗೆ ಎಳೆದುಕೊಂಡು ಹೋದರು. ನಾನು ಡ್ರೋನಿನ ಕಾರ್ಡ್ ತೆಗೆದು ಡಬ್ಬಿಗೆ ಹಾಕಿ ಬೊಟ್ಟು ಇಟ್ಟೆ. ಅವಸರದಲ್ಲಿ ಬೊಟ್ಟು ನಾಮದಂತೆ ಉದ್ದವಾಯಿತು. ಅಷ್ಟರಲ್ಲಿ ಅಜ್ಜಿ, ಸತ್ತು ಬದುಕಿದವಳು, ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಎದ್ದು ಕೂತಿದ್ದಳು.

"ನೆದರ ಆಗ್ಯದ ತಮ್ಮಾ ನಿಮ್ಮ ಮಿಷನ್‌ಗೆ. ಇಡು ಇಲ್ಲೆ."

ಅವಳ ಮುಂದಿದ್ದ ಆರತಿ ತಾಟಿನಲ್ಲಿ ಡ್ರೋನ್ ಇಟ್ಟೆ. ಚೀಲದಲ್ಲಿ ಇನ್ನೇನಿದೆ ಎಂದಳು. ನಾಲ್ಕು ಡಬ್ಬಿಗಳನ್ನೂ ಇಟ್ಟೆ. ನಿಂಬೆಹಣ್ಣು ನಿವಾಳಿಸಿ ದೃಷ್ಟಿ ತೆಗೆದಳು, ನನಗೂ ಸೇರಿಸಿ. ಕಣ್ಣು ಮುಚ್ಚಿ ಕೈ ಮುಗಿದೆ. ತಲೆ ಎತ್ತಿದಾಗ ನಾಲ್ಕೂ ಡಬ್ಬಿಗಳ ಮೇಲೆ ಧಾರಾಳವಾಗಿ ಕುಂಕುಮ. ಬೇಡ ಅನ್ನುವ ಧೈರ್ಯ ಯಾರಿಗಿತ್ತು? ಐದು ನಿಮಿಷದ ಹಿಂದೆ ಅವಳನ್ನು ಕೊಲ್ಲಲು ಹೊರಟವರು ನಾವು.

ಆಗ ಒಳಗಿನಿಂದ ಮಾಮಾ ಕೂಗಿದರು: "ಲೇ, ಅಕ್ಷತಾ ಶುರು ಆತು, ಸಣ್ಣ ಕ್ಯಾಮೆರಾಕ್ಕ ಖಾಲಿ ಕಾರ್ಡ್ ಹಾಕು."

ಕೈಗೆ ಬಂದ ಡಬ್ಬಿ ತೆರೆದೆ, ಕಾರ್ಡ್ ಹಾಕಿದೆ, ನಿಯಮದ ಪ್ರಕಾರ ಫಾರ್ಮ್ಯಾಟ್ ಒತ್ತಿದೆ. ಒತ್ತಿದ್ದು ಬೆರಳು. ತಲೆ ಇನ್ನೂ ಗೇಟಿನ ಹತ್ತಿರವೇ ಇತ್ತು. ಅರ್ಧ ನಿಮಿಷ ಅಕ್ಷತೆ ಚಿತ್ರೀಕರಿಸಿದ ಮೇಲೆ, ಡಬ್ಬಿಗಳ ಮೇಲೆಲ್ಲ ಕುಂಕುಮವಿದ್ದದ್ದು ನೆನಪಾಯಿತು. ಹೊರಗೆ ಹೋಗಿ ಉಳಿದ ಮೂರು ಕಾರ್ಡ್ ನೋಡಿದೆ. ಮೂರೂ ಖಾಲಿ.

ಮಾಮಾಗೆ ಹೇಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಿ.ಎಸ್ಸಿ. ಸಾಹೇಬ್ರ, ಕಾಲೇಜಿನಾಗ ಇದಕ್ಕ ಏನರ ಕಲಿಸ್ಯಾರೇನು?" ಎಂದರು.

ಕಲಿಸಿರಲಿಲ್ಲ. ಆದರೆ ಒಂದು ಗೊತ್ತಿತ್ತು. ಫಾರ್ಮ್ಯಾಟ್ ಅಂದರೆ ಮನೆ ಕೆಡವುವುದಲ್ಲ, ಬಾಗಿಲ ಮೇಲಿನ ಹೆಸರು ಕಿತ್ತು ಹಾಕುವುದು. ಒಳಗೆ ಹೊಸಬರು ಬಂದು ಕೂರುವವರೆಗೆ ಹಳಬರು ಇರುತ್ತಾರೆ. ನನ್ನ ಅರ್ಧ ನಿಮಿಷದ ಅಕ್ಷತೆ ಕಾರ್ಡಿನ ಮೊದಲ ಭಾಗದಲ್ಲಿ ಕೂತು, ವರನ ಗೆಳೆಯರ ಕುಣಿತವನ್ನು ನುಂಗಿರಬೇಕು. ಡ್ರೋನ್ ಬಿದ್ದದ್ದು ಕೊನೆಯಲ್ಲಿತ್ತು. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಅಳಿದ ಫೈಲ್ ಹುಡುಕುವ ಸಾಫ್ಟ್‌ವೇರ್ ಹಚ್ಚಿದೆ. ಉಳಿದ ಅಕ್ಷತೆಯನ್ನು ಮಾಮಾ ಸಣ್ಣ ಕ್ಯಾಮೆರಾಕ್ಕೆ ಬೇರೆ ಕಾರ್ಡ್ ಹಾಕಿ ಹಿಡಿದರು. ಎಲ್ಲರೂ ಹೋಳಿಗೆ ಉಣ್ಣುತ್ತಿದ್ದಾಗ ನಾನು ಸ್ಟೋರ್ ರೂಮಿನಲ್ಲಿ ಅಕ್ಕಿ ಚೀಲದ ಮೇಲೆ ಕೂತು ಶೇಕಡಾ ಹನ್ನೆರಡು, ಶೇಕಡಾ ಹದಿಮೂರು ಎಂದು ಜಪ ಮಾಡುತ್ತಿದ್ದೆ. ಕಾಕಾ ಎರಡು ಸಲ ಬಾಗಿಲಿಗೆ ಬಂದು ಕೈಗಡಿಯಾರ ನೋಡಿ ಹೋದ.

ಸಿಕ್ಕಿತು. ಕಾಕಾ, ಮಾಮಾ, ಹಿಂದೆಯೇ ಕೋಲೂರುತ್ತ ಅಜ್ಜಿ, ಎಲ್ಲ ಬಂದರು.

ಮೇಲಿನಿಂದ ಮೆರವಣಿಗೆ. ವರನ ಜೀಪಿನ ಮುಂದೆ ಒಬ್ಬ ಬಣ್ಣದ ಕಾಗದ ಚಿಮ್ಮಿಸುವ ಕೊಳವೆಯನ್ನು ಮೇಲೆತ್ತಿ ತಿರುವುತ್ತಾನೆ. ಉದ್ದ ಬೆಳ್ಳಿ ಪಟ್ಟಿಗಳು ನೇರ ಕ್ಯಾಮೆರಾದ ಕಡೆ ಏರುತ್ತವೆ. ಚಿತ್ರ ಗಿರ್ರನೆ ತಿರುಗುತ್ತದೆ. ಕೊಳವೆ ಹಿಡಿದವನು ಕಾಕಾ.

ಕಾಕಾ ಗಂಟಲು ಸರಿಪಡಿಸಿಕೊಂಡ. "ಪೇಪರ್ ಹಾರಸಬ್ಯಾಡ್ರಿ ಅಂತ ಮೊದಲೇ ಹೇಳಬೇಕಿತ್ತು ನೀವು."

"ತಪ್ಪಾತ್ರಿ," ಎಂದರು ಮಾಮಾ, ಡ್ರೋನನ್ನು ಚೀಲಕ್ಕೆ ತುಂಬುತ್ತ.

ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಅಜ್ಜಿ ಬಿಡಲಿಲ್ಲ. "ನನ್ನ ಪಾಳಿ ಎಲ್ಲದ? ಮುಂದ ಬಿಡು."

ಮುಂದೆ ನೆಲ ಹತ್ತಿರವಾಗುತ್ತದೆ. ಗೇಟು, ಕುರ್ಚಿ, ಅಜ್ಜಿಯ ಬಿಳಿ ತಲೆ. ಪಕ್ಕದಲ್ಲಿ ಒಬ್ಬ ಮೇಲೆ ನೋಡುತ್ತಾನೆ. ಕೈ ಚಾಚಿದರೆ ಕುರ್ಚಿ ಸಿಗುತ್ತದೆ. ಚಾಚುವುದಿಲ್ಲ. ಓಡುತ್ತಾನೆ, ಒಂದು ಚಪ್ಪಲಿ ಬಿಟ್ಟು.

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನ್ ಓಡ್ತೀಯೋ ತಮ್ಮಾ. ನಾ ಹೋಗಿದ್ರ ಮಣ್ಣಿಗೆ ಬರ್ತಿದ್ದಿಯೇನು, ಅಲ್ಲಿಂದಾನೂ ಓಡ್ತಿದ್ದಿಯೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಇನ್ನೊಂದು ಸಲ ಹಾಕು ಅಂದಳು, ಹಾಕಿದೆ. ಆಮೇಲೆ ನನ್ನ ತಲೆಯೊಳಗೆ ಯಾರೂ ಹಾಕು ಅನ್ನದೆಯೇ ಅದು ಓಡುತ್ತದೆ. ಅಲ್ಲಿ ಡ್ರೋನ್ ಪ್ರತಿ ಸಲವೂ ಒಂದು ಗೇಣು ಸರಿದು ಕುರ್ಚಿಯ ಮೇಲೆಯೇ ಬೀಳುತ್ತದೆ.

ಬಸವಕಲ್ಯಾಣಕ್ಕೆ ಹಿಂದಿರುಗುವಾಗ ರಾಜೇಶ್ವರ ಊರು ದಾಟಿದೆವು. ಮಾಮಾ ರಸ್ತೆ ನೋಡುತ್ತಲೇ ಹೇಳಿದರು: "ಫಾರ್ಮ್ಯಾಟ್ ಮಾಡಿದ್ದು ನಿಮ್ಮಕ್ಕಗ ಹೇಳ್ತೀನಿ. ಓಡಿದ್ದು ಹೇಳಂಗಿಲ್ಲ."

ನಾನು ಕಿಟಕಿಯ ಕಡೆ ತಿರುಗಿದೆ.