ಅಕ್ಕನ ಜೊತೆ ಹೋದ ಸೆಟ್ಟು

ನನ್ನ ಓದು ನಡೆಯಲೆಂದು ಅಕ್ಕ ಏಳನೇ ತರಗತಿಗೇ ಶಾಲೆ ಬಿಟ್ಟಳು. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಕೆಲಸ ಸಿಕ್ಕ ಮೇಲೆ, ಹಾಡೆಂದರೆ ಪ್ರಾಣವೆನ್ನುತ್ತಿದ್ದ ಅವಳಿಗಾಗಿಯೇ ಸೆಟ್ಟು ಜೋಡಿಸಿದೆ. ಟೇಪ್ ಡೆಕ್ಕು, ಆಂಪ್ಲಿಫೈಯರ್ ಅರಸೀಕೆರೆಯಲ್ಲಿ ಹಳೆಯವೇ ಸಿಕ್ಕವು. ಸ್ಪೀಕರುಗಳಿಗೆ ಡಬ್ಬ ಕೊಳ್ಳಲಾಗದೆ ಮಣ್ಣಿನ ಮಡಕೆಗಳ ಬಾಯಿಗೆ ಕೂರಿಸಿದೆ. ವೈರು ಹಿಡಿದುಕೊಂಡಿದ್ದ ಅಕ್ಕ, “ಡಿಗ್ರಿ ಓದಿ ಮಡಕೆಗೆ ಬಂದ್ಯಲ್ಲೋ” ಎಂದು ನಕ್ಕಳು.

ಅವಳನ್ನು ನೋಡಲು ಬಂದ ಬೇಲೂರಿನ ಗಂಡಿನ ಕಡೆಯವರು ಸೆಟ್ಟನ್ನೂ ಕೊಡಬೇಕೆಂದು ಕೇಳಿದರು. ಅಕ್ಕನ ಜೊತೆ ಹಾಡೂ ಹೋಗಲಿ ಎಂದು ಸಂತೋಷದಿಂದಲೇ ಕೊಟ್ಟೆ.

ಮದುವೆಯಾದ ಮೊದಲ ದೀಪಾವಳಿಗೆ ಅವಳನ್ನು ಕರೆಯಲು ಬೇಲೂರಿಗೆ ಹೋದಾಗ ಸೆಟ್ಟು ಕಸೂತಿ ಬಟ್ಟೆ ಹೊದ್ದು ನಡುಮನೆಯಲ್ಲಿತ್ತು.

“ಒಂದು ಹಾಡು ಹಾಕಕ್ಕ” ಎಂದೆ.

ಅಕ್ಕ ಅಡುಗೆಮನೆಯಲ್ಲಿದ್ದ ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದಳು. “ದಿನಾ ಧೂಳು ಒರೆಸ್ತೀನಿ ಕಣೋ. ಹಾಡು ಹಾಕಕ್ಕೆ ಬಿಡಕಿಲ್ಲ.”