ಅಜ್ಜನ ತೋಳಿನ ನವಿರು

ಮೊನ್ನೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾಗ ಲವಂಗದ ಎಣ್ಣೆಯ ವಾಸನೆ ಬಂತು. ಡಾಕ್ಟರು ಅದರಲ್ಲಿ ಅದ್ದಿದ ಹತ್ತಿಯನ್ನು ದವಡೆಯ ಸಂದಿಗೆ ಒತ್ತುವಷ್ಟರಲ್ಲಿ ನಾನು ಸೇಡಂನ ನಮ್ಮ ಹಳೆಯ ಮನೆಯ ಅಡುಗೆಕೋಣೆಯ ಹೊಸ್ತಿಲಲ್ಲಿದ್ದೆ. ಒಲೆಯ ಮುಂದೆ ಅವ್ವ ಗಲ್ಲ ಹಿಡಿದುಕೊಂಡು ಕೂತಿದ್ದಳು. ಬಾಯಲ್ಲಿ ಲವಂಗ, ಕಣ್ಣಲ್ಲಿ ನೀರು. ಅವಳೆದುರು ನನ್ನ ರಾಘುಕಾಕಾ, ಅಪ್ಪನ ತಮ್ಮ, ಊರ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮಾಸ್ತರ, ಬ್ಯಾಟರಿಯ ಬೆಳಕು ಬಿಟ್ಟು ಅವಳ ಬಾಯೊಳಗೆ ಇಣುಕುತ್ತಿದ್ದ. “ವೈನಿ, ಇದು ಬುದ್ಧಿಹಲ್ಲು. ಹಸಿ ಬೇರು, ಹಸಿ ಕಾಯಿ ಅಗಿಯೋ ಕಾಲದಾಗ ಇದು ಬೇಕಾಗಿತ್ತು. ದವಡಿ ಸಣ್ಣದಾತು, ಹಲ್ಲು ಬರೋದು ಬಿಡಲಿಲ್ಲ. ಲಕ್ಷಾಂತರ ವರ್ಷದ ಪುರಾವೆ ನಿಮ್ಮ ಬಾಯಾಗ ಅದ ನೋಡ್ರಿ” ಅಂದ. ಅವ್ವ ಲವಂಗ ಉಗುಳಿ, “ಪುರಾವೆ ಆಮ್ಯಾಲ ಹೇಳಪಾ, ಮೊದಲ ಡಾಕ್ಟರನ್ನ ಕರಕೊಂಡ ಬಾ” ಅಂದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇದ್ದಿರಬೇಕು, ಯಾರಾದರೂ ಸೀನಿದರೂ ಪಾಠ ಶುರು ಮಾಡುವವನು. ಕಾಕಾನ ಶಾಲೆಯಲ್ಲಿ ತೋರಿಸಲಿಕ್ಕೆ ಏನೂ ಇರಲಿಲ್ಲ. ಕಪಾಟಿನಲ್ಲಿದ್ದುದು ಒಂದೇ ಬಾಟಲಿ, ಅದರೊಳಗಿನ ಔಷಧಿ ಆರಿಹೋಗಿ ಕಪ್ಪೆ ಒಣ ಹುಣಸೆಹಣ್ಣಿನಂತಾಗಿತ್ತು. ಹಾಗಾಗಿ ಅವನು ನಮ್ಮನ್ನೇ ಕಪಾಟು ಮಾಡಿಕೊಂಡ. ಅತ್ಯಾ ಬಚ್ಚಲ ಫರಸಿಕಲ್ಲಿನ ಮೇಲೆ ಜಾರಿ ಬಿದ್ದು ಕೂರಲಾರದೆ ನರಳುತ್ತಿದ್ದರೆ, “ಅಕ್ಕಾ, ನೀ ಬಿದ್ದದ್ದು ಬಾಲದ ಎಲುಬಿನ ಮ್ಯಾಲ” ಎಂದು ಸಂತೋಷಪಟ್ಟ. ವಾಡಿಯಲ್ಲಿ ಕೆಲಸಕ್ಕಿದ್ದ ಅಪ್ಪನಿಗೆ ಕಿವಿ ಅಲ್ಲಾಡಿಸಲು ಬರುತ್ತಿತ್ತು. ಭಾನುವಾರ ದಣಿದು ಬಂದವನ ಆ ಕಿವಿಗಳನ್ನೂ ಕಾಕಾ ಬಿಡುತ್ತಿರಲಿಲ್ಲ. ಮರುದಿನ ಹತ್ತನೆಯ ಇಯತ್ತೆಯ ಹುಡುಗರಿಗೆಲ್ಲ ನಮ್ಮ ಮನೆಯವರ ಹಲ್ಲು, ಬಾಲ, ಕಿವಿಗಳ ಸಮಾಚಾರ ಗೊತ್ತಾಗಿರುತ್ತಿತ್ತು. ನಾನು ಬಜಾರಿಗೆ ಹೋದರೆ ಹುಡುಗರು ನನ್ನ ಹಿಂದೆ ಬಗ್ಗಿ ಬಾಲ ಹುಡುಕುತ್ತಿದ್ದರು. ಆಗಿನ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಆದರೂ ಅವನ ಮೇಲೆ ನನಗೆ ಜೀವ. ಒಮ್ಮೆ ಮಳಖೇಡದ ಕೋಟೆಗೆ ಕರೆದುಕೊಂಡು ಹೋಗಿದ್ದ. ಕತ್ತಲ ಕಮಾನಿನೊಳಗೆ ಬಾವಲಿಗಳ ಗವ್ವೆನ್ನುವ ವಾಸನೆ. ನೆಲದ ಮೇಲೆ ಸತ್ತು ಬಿದ್ದ ಒಂದನ್ನು ಎತ್ತಿ, ಅದರ ರೆಕ್ಕೆಯನ್ನು ಕೊಡೆ ಬಿಚ್ಚಿದ ಹಾಗೆ ಬಿಡಿಸಿ, ಬಿಸಿಲಿಗೆ ಹಿಡಿದ. “ಬೆರಳು ಎಣಿಸು ಸುಧಿ” ಅಂದ. ತೆಳ್ಳನೆಯ ಚರ್ಮದೊಳಗೆ ಉದ್ದುದ್ದ ಬೆರಳುಗಳು, ಒಂದು ಸಣ್ಣ ಹೆಬ್ಬೆರಳು. ನನ್ನ ಕೈಯನ್ನು ಅದರ ಪಕ್ಕದಲ್ಲಿ ಇಟ್ಟ. ಅವನ ದನಿ ಸಣ್ಣದಾಗಿತ್ತು, ದೇವರ ಕೋಣೆಯಲ್ಲಿ ಮಾತಾಡುವಾಗ ಆಗುವ ಹಾಗೆ. ಇವತ್ತಿಗೂ ಸಂಜೆ ಬಾವಲಿ ಹಾರಿದರೆ ನನಗೆ ಕಾಣುವುದು ರೆಕ್ಕೆಯಲ್ಲ, ಕೈ.

ಅಜ್ಜ ಹಣಮಂದೇವರ ಗುಡಿಯ ಪೂಜೆ ಮಾಡುತ್ತಿದ್ದ. ಶನಿವಾರ ಸಂಜೆ ಅಲ್ಲಿಯೇ ಪುರಾಣ ಹೇಳುತ್ತಿದ್ದ. ಒಕ್ಕಲುತನದವರು, ಮಾಸ್ತರರು, ಕುರಕುಂಟಾದಿಂದ ಸಂತೆಗೆ ಬಂದವರು, ಎಲ್ಲರೂ ಕೂಡುತ್ತಿದ್ದರು. ಅವನ ಕಂಠವೇನೂ ದೊಡ್ಡದಲ್ಲ. ಆದರೆ ಭಕ್ತನೊಬ್ಬ ದಿಕ್ಕುಗಾಣದೆ ದೇವರನ್ನು ಕೂಗುವ ಪ್ರಸಂಗ ಬಂದಾಗ ಅವನ ದನಿ ಗಕ್ಕನೆ ನಿಲ್ಲುತ್ತಿತ್ತು, ಬರಿಯ ತೋಳುಗಳ ಮೇಲೆ ಬಿಳಿ ನವಿರು ಒಂದೊಂದಾಗಿ ಎದ್ದು ನಿಲ್ಲುತ್ತಿತ್ತು. ಮುಂದೆ ಕೂತ ಮುದುಕಿಯರು ಅದಕ್ಕೇ ಕಾಯುತ್ತಿದ್ದರು. “ಎದ್ವು ನೋಡ್ರಿ” ಎಂದು ಒಬ್ಬಳು ಪಿಸುಗುಟ್ಟಿದರೆ ಸಾಕು, ಎಲ್ಲರೂ ಅಜ್ಜನ ಮುಂದಿನ ಫರಸಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ದೇವರು ಬಂದು ಹೋದ ಗುರುತು ಅದು. ಅಜ್ಜನಿಗೆ ಹೊಲ ಹೆಚ್ಚಿರಲಿಲ್ಲ, ಹೆಸರೂ ಇರಲಿಲ್ಲ. ಇದೊಂದಿತ್ತು.

ಕಾಕಾ ಇದನ್ನೂ ಪಾಠಕ್ಕೆ ಒಯ್ದ. ಬೆಕ್ಕು ನಾಯಿಯನ್ನು ಕಂಡಾಗ ಮೈಯುಬ್ಬಿಸುವುದು ದೊಡ್ಡದಾಗಿ ಕಾಣಲಿಕ್ಕೆ. ನಮಗೆ ತುಪ್ಪಟ ಹೋದರೂ ಕೂದಲ ಬುಡದ ಸ್ನಾಯು ಉಳಿದಿದೆ. ತನ್ನ ಅಪ್ಪನಿಗೆ ಶನಿವಾರಕ್ಕೊಮ್ಮೆ ಆಗುವುದೂ ಅದೇ ಎಂದು ಶಾಲೆಯಲ್ಲಿ ಹೇಳಿದನಂತೆ. ಮುಂದಿನ ಶನಿವಾರ ಗುಡಿಯಲ್ಲಿ ಅಜ್ಜನ ದನಿ ನಿಂತು ತೋಳಿನ ನವಿರು ಎದ್ದ ಹೊತ್ತಿಗೆ ಹಿಂದಿನ ಸಾಲಿನಿಂದ ಯಾವನೋ “ಮ್ಯಾಂವ್” ಅಂದ. ಹುಡುಗರು ಕಿಸಕ್ಕನೆ ನಕ್ಕರು. ಅಜ್ಜನಿಗೆ ತಿಳಿಯಲಿಲ್ಲ. ಆ ಹುಡುಗನ ಅಪ್ಪ ಕೈಮುಗಿದು ಕ್ಷಮೆ ಕೇಳುವಾಗ ವಿಷಯವನ್ನೆಲ್ಲ ಬಿಡಿಸಿ ಹೇಳಿದ.

ಮನೆಗೆ ಬಂದ ಅಜ್ಜ ಕಾಲು ತೊಳೆದುಕೊಂಡು ಕೇಳಿದ್ದು ಒಂದೇ ಮಾತು. “ಬೆಕ್ಕಿಗೂ ಬರ್ತದೇನಪಾ?” ಆಗಲಾದರೂ ಕಾಕಾ ಸುಮ್ಮನಿರಬೇಕೋ ಬೇಡವೋ ನೀವೇ ಹೇಳಿ. ತನ್ನ ಅಪ್ಪನೇ ಕೇಳಿದನೆಂಬ ಹಿಗ್ಗಿನಲ್ಲಿ ಎದುರಿಗೆ ಕೂತು, ಬೆಕ್ಕು, ಮಂಗ, ಮುಳ್ಳುಹಂದಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅಜ್ಜ ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೊನೆತನಕ ಕೇಳಿದ. ಅವ್ವ ಒಳಗಿನಿಂದ ಪಾತ್ರೆ ಕುಕ್ಕುತ್ತಲೇ ಇದ್ದಳು.

ಮುಂದಿನ ಶನಿವಾರ ಅಜ್ಜ ಶಾಲು ಹೊದ್ದು ಗುಡಿಗೆ ಹೋದ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಫರಸಿಯ ಮೇಲೆ ಕಾಲಿಟ್ಟರೆ ಹೊಪ್ಪಳೆ ಏಳುವ ದಿನಗಳು. ಕಥೆ ಹೇಳುತ್ತ ಹೇಳುತ್ತ ಶಾಲಿನ ಅಂಚು ಸರಿಸಿ ತನ್ನ ತೋಳನ್ನು ತಾನೇ ನೋಡಿಕೊಳ್ಳುತ್ತಿದ್ದ. ಮುದುಕಿಯರು ಕಾದು ಕಾದು ಎದ್ದು ಹೋದರು. ಕೆಲವು ವಾರಗಳಾದ ಮೇಲೆ ಅವ್ವನ ಹತ್ತಿರ ಹೇಳಿದ, “ಈಗ ಬರೋದಿಲ್ಲವ್ವಾ. ಬರ್ತದೇನಂತ ನೋಡಕೋತ ಕೂಡ್ತೀನಿ, ಅದಕ್ಕ ಬರೋದಿಲ್ಲ.” ಪುರಾಣ ನಿಂತಿತು. ಆಗ ಕಾಕಾ ಅಜ್ಜನ ಕಾಲ ಬಳಿ ಕೂತ. “ಅಪ್ಪಾ, ಕಾರಣ ಗೊತ್ತಾದ ಕೂಡಲೆ ಅದು ಸುಳ್ಳಾಗ್ತದೇನು?” ಎಂದು ಬೇಡಿಕೊಂಡ. ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟು, “ಸುಳ್ಳಾಗಿಲ್ಲಪಾ, ಸಣ್ಣದಾಗೇದ” ಅಂದ. ಅದಾದ ಮೇಲೆ ಕಾಕಾನಿಗೆ ಚಿಂಚೋಳಿಗೆ ವರ್ಗವಾಯಿತು. ಮನೆಯಲ್ಲಿ ಪಾಠವೂ ಇಲ್ಲ, ಪುರಾಣವೂ ಇಲ್ಲ.

ಮರುವರ್ಷದ ಬೇಸಿಗೆಯ ಒಂದು ಮುಂಜಾನೆ ಅಂಗಳಕ್ಕೆ ನಾಯಿ ನುಗ್ಗಿತು. ಕಟ್ಟಿಗೆಯ ಒಟ್ಟಿಲಿನ ಸಂದಿಯಲ್ಲಿ ಬೆಕ್ಕು ಮರಿ ಹಾಕಿತ್ತು. ಬಡಕಲು ಬೆಕ್ಕು, ಎದ್ದು ನಿಂತಿತು ನೋಡಿ, ಮೈಯ ಒಂದು ಕೂದಲೂ ಮಲಗಿರಲಿಲ್ಲ. ನಾಯಿ ಬಾಲ ಮುದುರಿಕೊಂಡು ಹೋಯಿತು. ಅಜ್ಜ ತುಂಬಿದ ತಂಬಿಗೆ ಹಿಡಿದು ಬಹಳ ಹೊತ್ತು ಅಲ್ಲಿಯೇ ನಿಂತಿದ್ದ. “ಅದರ ಮೈಯಾಗ ಸುಳ್ಳು, ಖೋಟಿ ಏನೂ ಇಲ್ಲಲ್ಲವಾ ಸುಧಿ. ತನ್ನ ಜೀವ ಎಲ್ಲಿ ಅದನೋ ಅಲ್ಲಿ ಕೂದ್ಲ ಎದ್ದ ನಿಂತಾವ” ಅಂದ. ಆ ವಾರವೇ ಮತ್ತೆ ಪುರಾಣ ಹೇಳುತ್ತೇನೆಂದು ಊರಿಗೆಲ್ಲ ಹೇಳಿ ಕಳಿಸಿದ.

ಕಾಕಾ ಬೇಸಿಗೆಯ ರಜೆಗೆ ಬಂದಿದ್ದ. ಅವ್ವ ಬಡಿಸುತ್ತ ಬೆಕ್ಕಿನ ಸಂಗತಿ ಹೇಳಿದಳು. ಅವನು ತುತ್ತು ನುಂಗಿ, “ಅದು ಪ್ರೀತಿ ಅಲ್ಲ ವೈನಿ, ಅಂಜಿಕಿ” ಅಂದ. ಚಿಕ್ಕಂದಿನಿಂದ ಅವನಿಗೆ ಬಡಿಸಿದ ಕೈ ಅದು. ಸೌಟನ್ನು ಅವನ ಮುಖದ ಮುಂದೆ ಹಿಡಿದು, “ರಾಘಪ್ಪಾ, ಇನ್ನ ಒಂದು ಮಾತಾಡಿದಿ ಅಂದ್ರ ನೋಡು, ಸುಮ್ಮನ ಉಣ್ಣು” ಅಂದಳು. ನನಗೂ ಅವನ ತಟ್ಟೆ ಎಳೆದುಕೊಳ್ಳಬೇಕೆನ್ನಿಸಿತ್ತು.

ಆ ಶನಿವಾರ ಕಾಕಾ ಗುಡಿಯ ಕಂಬಕ್ಕೆ ಒರಗಿ, ಅಂಗಿಯ ತೋಳುಗಳನ್ನು ಮೊಣಕೈ ಮೇಲೆ ಮಡಚಿಕೊಂಡು ಕೂತ. ಪಕ್ಕದಲ್ಲಿ ನಾನು. ಅಜ್ಜ ಶಾಲು ಬಿಗಿಯಾಗಿ ಹೊದ್ದೇ ಕಥೆ ಶುರು ಮಾಡಿದ. ಭಕ್ತ ಕೂಗುವ ಕಡೆಗೆ ಬಂದಾಗ ದನಿ ನಿಂತಿತು, ಮೊದಲು ನಿಲ್ಲುತ್ತಿದ್ದಂತೆಯೇ. ಶಾಲಿನೊಳಗೆ ನವಿರು ಎದ್ದಿತೋ ಇಲ್ಲವೋ ಯಾರಿಗೂ ಕಾಣಲಿಲ್ಲ. ಆದರೆ ನನ್ನ ಮಗ್ಗುಲಲ್ಲಿದ್ದ ಕಾಕಾನ ತೋಳಿನ ಮೇಲೆ, ಮುಂಗೈಯಿಂದ ಮೊಣಕೈವರೆಗೆ, ಹೊಲದಲ್ಲಿ ಜೋಳ ಮೊಳೆತ ಹಾಗೆ ಕೂದಲು ಎದ್ದು ನಿಂತಿತ್ತು. ಅವನೂ ನೋಡಿಕೊಂಡ. ಮೆಲ್ಲಗೆ ಅಂಗಿಯ ಎರಡೂ ತೋಳುಗಳನ್ನು ಇಳಿಸಿ ಗುಂಡಿ ಹಾಕಿಕೊಂಡ.

ಮನೆಗೆ ಬರುವಾಗ ಅಜ್ಜ ಕೇಳಿದ, “ಹ್ಯಾಂಗಿತ್ತಪಾ?” ಕೇಳಿದ ಮೇಲೆ ನಡಿಗೆ ನಿಧಾನ ಮಾಡಿದ. “ದನಿ ಇನ್ನೂ ಛಲೋ ಅದ” ಎಂದ ಕಾಕಾ. ಅಜ್ಜ “ಹೂಂ” ಅಂದು ಮುಂದೆ ನಡೆದ. ಆ ಮಳೆಗಾಲದಲ್ಲಿ ಅಜ್ಜ ಹೋಗಿಬಿಟ್ಟ. ಮನೆಯ ಫರಸಿಗಳನ್ನು ಯಾರೋ ಕಿತ್ತು ಒಯ್ದರು, ಅಂಗಳದ ಜಾಗದಲ್ಲಿ ಈಗ ಅಂಗಡಿಗಳ ಸಾಲಿದೆ.

ನಾನು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದಾಗ ಒಮ್ಮೆ ಕೇಳಿಯೇಬಿಟ್ಟೆ. “ಅವತ್ತ ಗುಡಿಯಾಗ ಅಂಗಿ ತೋಳು ಯಾಕ ಇಳಿಸಿಕೊಂಡಿ ಕಾಕಾ?” ಅವನು ಕನ್ನಡಕ ತೆಗೆದು ಒರೆಸಿದ. “ಗುಂಗಾಡು ಕಡೀಲಿಕ್ಕತ್ತಿದ್ವು” ಅಂದ. ವೈಶಾಖದ ಸೇಡಂನಲ್ಲಿ, ಬಾವಿಯ ತಳ ಕಾಣುವ ದಿನಗಳಲ್ಲಿ, ಗುಂಗಾಡಂತೆ, ಸೊಳ್ಳೆಯಂತೆ! ಮನೆಯವರೆಲ್ಲರ ಮೈಮೇಲಿನ ಪುರಾವೆಯನ್ನು ಊರ ಮಕ್ಕಳಿಗೆಲ್ಲ ತೋರಿಸಿದವನು ತನ್ನ ತೋಳೊಂದನ್ನು ತನ್ನ ಅಪ್ಪನಿಗೆ ತೋರಿಸಲಾರದೆ ಹೋದ. ಈಗ ಅವನೂ ಇಲ್ಲ. ಇದ್ದಿದ್ದರೆ ಇವತ್ತೂ ಜಗಳ ತೆಗೆಯುತ್ತಿದ್ದೆ.